ಸೊನ್ನೆ ತೋರಿಸುವ ಮೀಟರ್: ಟ್ಯಾಂಕಿಗೆ ಇಳಿಯುವ ಮುನ್ನ ಗ್ಯಾಸ್ ಡಿಟೆಕ್ಟರ್ ನಂಬಬಹುದೇ?

ಕಬ್ಬು ಅರೆಯುವ ಹಂಗಾಮು ಮುಗಿದ ಕೂಡಲೇ ಸಕ್ಕರೆ ಕಾರ್ಖಾನೆಗಳಲ್ಲಿ ರಿಪೇರಿ ಹಂಗಾಮು ಶುರು. ಅಂಥದ್ದೇ ಒಂದು ಬೇಸಿಗೆಯಲ್ಲಿ ಮಂಡ್ಯ ಕಡೆಯ ಕಾರ್ಖಾನೆಯೊಂದರಿಂದ ಫೋನ್ ಬಂತು. ನನ್ನ ಕೆಲಸ ಗ್ಯಾಸ್ ಡಿಟೆಕ್ಟರ್‌ಗಳ ಸರ್ವಿಸ್ ಮತ್ತು ಕ್ಯಾಲಿಬ್ರೇಷನ್. ಡಿಸ್ಟಿಲರಿಯ ಸ್ಪೆಂಟ್‌ವಾಶ್ (ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ತ್ಯಾಜ್ಯ ನೀರು) ಟ್ಯಾಂಕನ್ನು ಖಾಲಿ ಮಾಡಿ ತೊಳೆದಿದ್ದರು. ತಳದಲ್ಲಿ ಉಳಿದ ಗಸಿ ತೆಗೆಯಲು ನಾಲ್ಕು ಜನ ಇಳಿಯಬೇಕಿತ್ತು.

"ಸಾರ್, ನಮ್ ಮೀಟ್ರು ಎಲ್ಲಾ ಝೀರೋ ಅಂತದೆ. ಕಂಟ್ರಾಕ್ಟ್ರು ಮೀಟ್ರು ಒಂಬತ್ತು ಅಂತದೆ. ನಮ್ದಕ್ಕೆ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಅದೆ, ಅವುರ್ದಕ್ಕೆ ಇಲ್ಲ. ಯಾವುದನ್ನ ನಂಬನ?"

ಎರಡನ್ನೂ ನಂಬಬೇಡಿ, ನಾನು ಬರುವವರೆಗೆ ಯಾರನ್ನೂ ಇಳಿಸಬೇಡಿ ಅಂದೆ. ಹೋಗಿ ನೋಡಿದಾಗ ಮ್ಯಾನ್‌ಹೋಲ್ ಬಾಯಲ್ಲಿ ಹೋಸ್ ಇಳಿಬಿಟ್ಟ ಕಾರ್ಖಾನೆಯ ಮೀಟರ್ ಆಮ್ಲಜನಕ 20.7, ಎಲ್‌ಇಎಲ್ (ಹೊತ್ತಿಕೊಳ್ಳುವ ಅನಿಲದ ಅಳತೆ) 0, ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) 0, ಸಿಒ (ಕಾರ್ಬನ್ ಮಾನಾಕ್ಸೈಡ್) 0 ತೋರಿಸುತ್ತಿತ್ತು. ಗುತ್ತಿಗೆದಾರರ ಮೀಟರ್ ಅದೇ ಆಳದಲ್ಲಿ ಆಮ್ಲಜನಕ 20.7, ಎಲ್‌ಇಎಲ್ 9, ಎಚ್‌ಟುಎಸ್ 4. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ವಾಸನೆ ಇದ್ದು ಮೀಟರ್ ಸೊನ್ನೆ ತೋರಿಸಿದ ಮಾತ್ರಕ್ಕೆ ಮೀಟರ್ ಕೆಟ್ಟಿದೆ ಎಂದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಡ್ರೋಜನ್ ಸಲ್ಫೈಡ್ ಒಂದು ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಎಷ್ಟೋ ಕಡಿಮೆ ಇದ್ದಾಗಲೇ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಬಹಳಷ್ಟು ಮೀಟರ್‌ಗಳು ಅಷ್ಟು ಸಣ್ಣ ಅಂಕಿಯನ್ನು ಪರದೆಗೆ ತರುವುದೇ ಇಲ್ಲ. ಅದೇ ಮೂಗು 100 ಪಿಪಿಎಂ ಹತ್ತಿರ ಸೋತುಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. "ಈಗ ವಾಸನೆ ಹೋಯ್ತು, ಇಳೀಬಹುದು" ಎಂದು ಇಳಿದವರ ಕಥೆ ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ಮೂಗು ಅನುಮಾನ ಹುಟ್ಟಿಸಲಿಕ್ಕೆ ಸಾಕು, ತೀರ್ಪು ಕೊಡಲಿಕ್ಕೆ ಸಾಲದು.

ಸೊನ್ನೆಗೆ ಎರಡು ಅರ್ಥ

ನಾಲ್ಕು ಗ್ಯಾಸ್ ಅಳೆಯುವ ಮೀಟರ್‌ನಲ್ಲಿ ಆಮ್ಲಜನಕದ ಸೆನ್ಸರ್ ಒಂದೇ ಪ್ರಾಮಾಣಿಕ ಎನ್ನುತ್ತೇನೆ ನಾನು. ಹಳೆಯ ಸೀಸದ ಮಾದರಿಯದ್ದು ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ಅದು ಸಾಯುವಾಗ ಅಂಕಿ 20.9ರಿಂದ ಕೆಳಗೆ ಜಾರುತ್ತದೆ, 19.5 ದಾಟಿದ್ದೇ ಅಲಾರಂ ಕಿರುಚುತ್ತದೆ. ಕೂಗಿಕೊಂಡೇ ಸಾಯುತ್ತದೆ. ಉಳಿದ ಮೂರು ಹಾಗಲ್ಲ. ಶುದ್ಧ ಗಾಳಿಯಲ್ಲಿ ಒಳ್ಳೆಯ ಎಚ್‌ಟುಎಸ್ ಸೆನ್ಸರ್ ತೋರಿಸುವುದೂ ಸೊನ್ನೆ, ಸತ್ತದ್ದು ತೋರಿಸುವುದೂ ಸೊನ್ನೆ. ಎಲ್‌ಇಎಲ್, ಸಿಒ ಎರಡರದ್ದೂ ಇದೇ ಕಥೆ. ಆನ್ ಮಾಡಿದಾಗ ಮೀಟರ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು "ಓಕೆ" ಎನ್ನುವುದು ಬ್ಯಾಟರಿ, ಸರ್ಕ್ಯೂಟ್, ಬಜರ್ ಮಟ್ಟಿಗೆ. ಸೆನ್ಸರ್ ಮುಖದ ಫಿಲ್ಟರ್ ಮೇಲೆ ಕೆಸರು ಮೆತ್ತಿದ್ದರೆ ಅದು ಒಳಗಿನ ಸರ್ಕ್ಯೂಟಿಗೆ ಹೇಗೆ ತಿಳಿಯಬೇಕು?

ಹಾಗಾಗಿ ಗ್ಯಾಸ್ ತೋರಿಸಿ ನೋಡುವುದೊಂದೇ ದಾರಿ. ಗೊತ್ತಿರುವ ಅಳತೆಯ ಗ್ಯಾಸ್ ಬಿಟ್ಟು, ಸೆನ್ಸರ್ ಎದ್ದಿತೇ, ಅಲಾರಂ ಹೊಡೆಯಿತೇ ನೋಡುವುದು ಬಂಪ್ ಟೆಸ್ಟ್. ಎಷ್ಟಕ್ಕೆ ಎದ್ದಿತು ಎಂದು ಅಂಕಿಯನ್ನೂ ಹೋಲಿಸಿದರೆ ಅದು ಕ್ಯಾಲಿಬ್ರೇಷನ್ ಚೆಕ್. ಅಂಕಿಯನ್ನು ತಿದ್ದಿ ಸರಿಯಾದ ಜಾಗಕ್ಕೆ ತಂದರೆ ಪೂರ್ಣ ಕ್ಯಾಲಿಬ್ರೇಷನ್. ಆರು ತಿಂಗಳಿಗೊಮ್ಮೆ ಬರುವ ಸ್ಟಿಕ್ಕರ್ ಮೂರನೆಯದ್ದಕ್ಕೆ ಸಾಕ್ಷಿ, ಅದೂ ಸ್ಟಿಕ್ಕರ್ ಅಂಟಿಸಿದ ದಿನದ ಮಟ್ಟಿಗೆ. ಸಂಜೆ ಕೆಳಗೆ ಬಿದ್ದ ಮೀಟರಿಗೆ ಬೆಳಗಿನ ಸ್ಟಿಕ್ಕರ್ ಏನು ಮಾಡೀತು? ಬಂಪ್ ದಿನಾ ಬೇಕು, ಇಳಿಯುವ ಮುನ್ನ ಬೇಕು.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲಿ ಇದಕ್ಕೆ ಹತ್ತಿರದ ಮಾತೊಂದಿತ್ತು. ಒಳಗೆ ಅಪಾಯಕಾರಿ ಅನಿಲವಿಲ್ಲ ಎಂಬ ಸರ್ಟಿಫಿಕೇಟನ್ನು ಸಮರ್ಥ ವ್ಯಕ್ತಿ "ತಾನೇ ಮಾಡಿದ ಪರೀಕ್ಷೆಯ" ಆಧಾರದ ಮೇಲೆ ಕೊಡಬೇಕಿತ್ತು. ಬೇರೆಯವರು ಫೋನಲ್ಲಿ ಹೇಳಿದ ಅಂಕಿಯ ಮೇಲೆ ಸಹಿ ಹಾಕುವವರು ಆ ಸಾಲನ್ನು ಒಮ್ಮೆ ಓದಬೇಕು. ಇನ್ನೊಂದು ಮಾತು: ಇಲ್ಲಿ ಬರೆದದ್ದೆಲ್ಲ ಕಾರ್ಖಾನೆಯ ಟ್ಯಾಂಕ್, ಬಾಯ್ಲರ್, ಡೈಜೆಸ್ಟರ್‌ಗಳ (ತ್ಯಾಜ್ಯದಿಂದ ಬಯೋಗ್ಯಾಸ್ ಹುಟ್ಟುವ ತೊಟ್ಟಿ) ವಿಚಾರ. ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯರನ್ನು ಇಳಿಸಿ ಬಳಿಸುವುದಕ್ಕೆ ಮೀಟರ್ ಲೈಸೆನ್ಸ್ ಅಲ್ಲ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅದಕ್ಕೆ ಯಂತ್ರಗಳಿವೆ.

ಬಂಪ್ ಮಾಡುವ ಬಗೆ

ನನ್ನ ಪೆಟ್ಟಿಗೆಯಲ್ಲಿರುವ ಸಿಲಿಂಡರ್‌ನಲ್ಲಿ ನಾಲ್ಕೂ ಗ್ಯಾಸ್ ಕಲೆಸಿರುತ್ತವೆ: ಎಚ್‌ಟುಎಸ್ 25 ಪಿಪಿಎಂ, ಸಿಒ 100 ಪಿಪಿಎಂ, ಆಮ್ಲಜನಕ ಶೇ 18, ಮೀಥೇನ್ ಶೇ 2.5, ಉಳಿದದ್ದು ಸಾರಜನಕ. ಮೀಥೇನ್ ಗಾಳಿಯಲ್ಲಿ ಶೇ 5 ಆದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಶೇ 5 ಅನ್ನೇ 100 ಎಲ್‌ಇಎಲ್ ಎನ್ನುವುದರಿಂದ, ಶೇ 2.5 ಎಂದರೆ ಮೀಟರ್ 50 ತೋರಿಸಬೇಕು.

ಮೀಟರ್ ಆನ್ ಮಾಡಿ ಎರಡು ಮೂರು ನಿಮಿಷ ಬಿಡಿ. ಸೆನ್ಸರ್‌ಗಳ ಮೇಲೆ ಗ್ಯಾಸ್ ಹಾಯಿಸುವ ಕಪ್ ಕೂರಿಸಿ, ಸಿಲಿಂಡರಿನ ರೆಗ್ಯುಲೇಟರ್ ತೆರೆಯಿರಿ. ಪಂಪ್ ಇಲ್ಲದ ಮೀಟರಿಗೆ ನಿಮಿಷಕ್ಕೆ ಅರ್ಧ ಲೀಟರ್ ಹರಿಯುವ ರೆಗ್ಯುಲೇಟರ್ ಸಾಮಾನ್ಯ. ಪಂಪ್ ಇರುವುದಕ್ಕೆ, ಪಂಪ್ ಎಳೆದಷ್ಟೇ ಕೊಡುವ ಡಿಮ್ಯಾಂಡ್ ರೆಗ್ಯುಲೇಟರ್ ಬೇಕು. ಇದನ್ನು ಅದಲುಬದಲು ಮಾಡಿದರೆ ಅಂಕಿ ಏರುಪೇರಾಗುತ್ತದೆ, ಆಮೇಲೆ ಜನ ಸೆನ್ಸರನ್ನು ಬೈಯುತ್ತಾರೆ. ಅಲಾರಂ ಹೊಡೆದ ಕೂಡಲೇ ನಾಬ್ ಮುಚ್ಚಬೇಡಿ, ಒಂದು ನಿಮಿಷ ಪೂರ್ತಿ ಹರಿಯಲಿ. ಅಂಕಿ ಎಲ್ಲಿ ನಿಂತಿತು ಎಂಬಷ್ಟೇ ಏರುವಾಗಿನ ನಡೆಯೂ ಮುಖ್ಯ: ಸಟ್ಟನೆ ಏರಿ ನಿಂತಿತೇ, ತೆವಳುತ್ತ ಏರಿತೇ, ಏರಿ ಮತ್ತೆ ಇಳಿಯಿತೇ? ದೋಷ ಎಲ್ಲಿದೆ ಎನ್ನುವುದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ಸಿಲಿಂಡರ್ ಅಂಕಿಯಿಂದ ಶೇ 10ರಿಂದ 20ರ ಒಳಗಿನ ವ್ಯತ್ಯಾಸವನ್ನು ತಯಾರಕರು ಒಪ್ಪುತ್ತಾರೆ. ನಿಖರ ಮಿತಿ ಆಯಾ ಮೀಟರಿನ ಕೈಪಿಡಿಯಲ್ಲಿರುತ್ತದೆ. ಅದರಾಚೆ ಹೋದರೆ ಪೂರ್ಣ ಕ್ಯಾಲಿಬ್ರೇಷನ್. ಅದಕ್ಕೂ ಬಗ್ಗದಿದ್ದರೆ ಕೆಂಪು ಟ್ಯಾಗ್ ಕಟ್ಟಿ ಬದಿಗಿಡಬೇಕು.

ಲೈಟರ್‌ನಿಂದ ಬಂಪ್ ಮಾಡುವ ವಿದ್ಯೆ ನಮ್ಮಲ್ಲಿ ಎಲ್ಲ ಕಡೆ ಇದೆ. ಬೆಂಕಿ ಹಚ್ಚದೆ ಲೈಟರ್ ಒತ್ತಿ ಸೆನ್ಸರಿಗೆ ಹಿಡಿಯುವುದು, ಮೀಟರ್ ಕಿರುಚಿದರೆ "ವರ್ಕಿಂಗ್" ಎಂದು ಬರೆಯುವುದು. ಲೈಟರ್‌ನಿಂದ ಬರುವ ಬ್ಯೂಟೇನ್ ಎಷ್ಟು ಗಾಢವೆಂದರೆ ಅರೆಜೀವದ ಸೆನ್ಸರೂ ಕಿರುಚುತ್ತದೆ, ಜೊತೆಗೆ ಸೆನ್ಸರ್‌ಗೂ ಪೆಟ್ಟು. ಬ್ಯೂಟೇನಿಗೆ ಎದ್ದ ಸೆನ್ಸರ್ ಮೀಥೇನಿಗೂ ಏಳುತ್ತದೆ ಎಂಬ ಗ್ಯಾರಂಟಿಯೂ ಇಲ್ಲ, ಯಾಕೆಂದು ಮುಂದೆ ಬರುತ್ತದೆ. ಆಮ್ಲಜನಕಕ್ಕೆ ಉಸಿರು ಊದಿ ನೋಡುವುದು ಅಷ್ಟು ಕೆಟ್ಟದ್ದಲ್ಲ: ನಾವು ಬಿಡುವ ಉಸಿರಿನಲ್ಲಿ ಆಮ್ಲಜನಕ ಶೇ 16-17ಕ್ಕೆ ಇಳಿದಿರುತ್ತದೆ, ಹಾಗಾಗಿ ಅಲಾರಂ ಹೊಡೆಯಲೇಬೇಕು. ಆದರೆ ಅದು ಒಂದು ಸೆನ್ಸರಿನ ಕಥೆಯಾಯಿತು, ಇನ್ನೂ ಮೂರಿವೆ.

ಗಾಳಿಯೇ ಸುಳ್ಳು ಹೇಳಿದರೆ

ಫ್ರೆಶ್ ಏರ್ ಝೀರೋ ಎನ್ನುವ ಬಟನ್ ಇದೆಯಲ್ಲ, ಅದರಿಂದಾದ ಎಡವಟ್ಟುಗಳೇ ನನ್ನ ಹತ್ತಿರ ಹೆಚ್ಚು ಬರುತ್ತವೆ. ಆ ಬಟನ್ ಒತ್ತಿದಾಗ ಮೀಟರ್ ಸುತ್ತಲಿನ ಗಾಳಿಯನ್ನೇ ಶುದ್ಧವೆಂದು ನಂಬಿ, ಆಮ್ಲಜನಕವನ್ನು 20.9ಕ್ಕೂ ಉಳಿದವನ್ನು ಸೊನ್ನೆಗೂ ಕೂರಿಸಿಬಿಡುತ್ತದೆ.

ಸಿಒ ಮೈನಸ್ ತೋರಿಸುತ್ತಿದೆ ಎಂದು ಒಬ್ಬರು ಮೀಟರ್ ತಂದಿದ್ದರು. ಝೀರೋ ಎಲ್ಲಿ ಮಾಡಿದಿರಿ ಎಂದರೆ "ಜನರೇಟರ್ ಶೆಡ್ ಹತ್ರ, ಅಲ್ಲೇ ಟ್ಯಾಂಕಿಗೆ ಇಳಿಯೋ ಪರ್ಮಿಟ್ ಕೊಡೋದು". ಓಡುತ್ತಿರುವ ಡೀಸೆಲ್ ಜನರೇಟರ್ ಪಕ್ಕದಲ್ಲಿ 12 ಪಿಪಿಎಂ ಸಿಒ ಇತ್ತು ಎಂದಿಟ್ಟುಕೊಳ್ಳಿ, ಮೀಟರ್ ಅದನ್ನೇ ಸೊನ್ನೆ ಎಂದುಕೊಂಡಿತು. ಶುದ್ಧ ಗಾಳಿಗೆ ಬಂದಾಗ ಮೈನಸ್ 12. ಪರದೆಯ ಮೈನಸ್ ಕಣ್ಣಿಗೆ ಬಿದ್ದದ್ದು ಪುಣ್ಯ, ಕೆಲವು ಮೀಟರ್‌ಗಳು ಮೈನಸ್ಸನ್ನೂ ಸೊನ್ನೆ ಎಂದೇ ತೋರಿಸುತ್ತವೆ. ಆಗ 35ಕ್ಕೆ ಹೊಡೆಯಬೇಕಾದ ಅಲಾರಂ ನಿಜವಾದ 47ಕ್ಕೆ ಹೊಡೆಯುತ್ತದೆ, ಯಾರಿಗೂ ಸುಳಿವಿಲ್ಲ.

ಇದಕ್ಕಿಂತ ಕೆಟ್ಟದ್ದು ಮ್ಯಾನ್‌ಹೋಲ್ ಬಾಯಲ್ಲೇ ಝೀರೋ ಮಾಡುವುದು. ಅಲ್ಲಿ ಆಮ್ಲಜನಕ 19.8 ಇದ್ದರೆ ಮೀಟರ್ ಅದನ್ನು 20.9 ಎನ್ನುತ್ತದೆ; ಒಳಗೆ ನಿಜವಾಗಿ 18.5 ಇದ್ದಾಗ 19.5 ಎಂದು ತೋರಿಸಿ ಸುಮ್ಮನಿರುತ್ತದೆ. ಗಾಳಿ ಬೀಸುವ ಕಡೆಯಿಂದ, ವಾಹನ, ಜನರೇಟರ್, ತೆರೆದ ಟ್ಯಾಂಕ್ ಯಾವುದೂ ಹತ್ತಿರವಿಲ್ಲದ ಕಡೆ ನಿಂತು ಝೀರೋ ಮಾಡಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮೀಟರ್ ಹಿಡಿದರೂ ಆಲ್ಕೋಹಾಲ್ ಆವಿಗೆ ಸಿಒ, ಎಲ್‌ಇಎಲ್ ಕುಣಿಯುತ್ತವೆ, ಕೈ ಒಣಗಲಿ.

ಆಮ್ಲಜನಕ ಹೊರಗಿನ ಗಾಳಿಯಲ್ಲೇ 20.9ಕ್ಕಿಂತ ಕಡಿಮೆ ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಊರು ಯಾವುದು, ತಿಂಗಳು ಯಾವುದು ಎಂದು. ಎ.ಸಿ. ಕೋಣೆಯ ಒಣ ಗಾಳಿಯಲ್ಲಿ ಝೀರೋ ಮಾಡಿ ಮಂಗಳೂರಿನ ಜೂನ್ ತಿಂಗಳ ಗಾಳಿಗೆ ತಂದರೆ 20.5 ಆಸುಪಾಸಿಗೆ ಇಳಿಯುವುದು ಸಹಜ, ನೀರಾವಿ ಆಮ್ಲಜನಕದ ಜಾಗವನ್ನು ತಿಂದಿರುತ್ತದೆ. ಸೆನ್ಸರ್ ಕೆಟ್ಟಿಲ್ಲ, ನಿಜವನ್ನೇ ಹೇಳುತ್ತಿದೆ. ಘಾಟಿಯದ್ದು ಇನ್ನೊಂದು ಕಥೆ. ಆಮ್ಲಜನಕದ ಒತ್ತಡವನ್ನಷ್ಟೇ ಅಳೆಯುವ ಮಾದರಿಯ ಸೆನ್ಸರನ್ನು ಕರಾವಳಿಯಲ್ಲಿ ಸೆಟ್ ಮಾಡಿ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ 18.8 ತೋರಿಸಿ ಅಲಾರಂ ಹೊಡೆಯುತ್ತದೆ, ಶಿರಾಡಿ ಹತ್ತಿ ಸಕಲೇಶಪುರ ತಲುಪುವಷ್ಟರಲ್ಲೇ ಶುರುವಾಗಿರುತ್ತದೆ. ಸೂಕ್ಷ್ಮ ರಂಧ್ರದಿಂದ ಗಾಳಿ ಎಳೆದುಕೊಳ್ಳುವ ಮಾದರಿಗೆ ಈ ಕಾಟ ಅಷ್ಟಿಲ್ಲ. ಮದ್ದು ಸುಲಭ: ಕೆಲಸದ ಊರಲ್ಲೇ, ಬಯಲಲ್ಲೇ ಝೀರೋ. ಆದರೂ ಅರ್ಧ ಗಂಟೆಯಲ್ಲಿ ಮತ್ತೆ ಜಾರಿದರೆ ಸೆನ್ಸರಿನ ಆಯಸ್ಸು ಮುಗಿದಿದೆ.

ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಮೀಟರ್‌ಗಳಲ್ಲಿ ಬೇಸಿಗೆಗೆ ಎಚ್‌ಟುಎಸ್, ಸಿಒ ಎರಡೂ ಬಂಪ್‌ನಲ್ಲಿ ಮಂದ. ಇವುಗಳ ಒಳಗಿರುವುದು ರಾಸಾಯನಿಕ ದ್ರವ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟರೆ ಆರಿಹೋಗದೆ ಏನಾದೀತು? ನೆರಳಲ್ಲಿಡಿ ಎಂಬುದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಮಂಡ್ಯದ ಮೀಟರ್‌ಗೆ ಬರೋಣ

ಅನುಮಾನ ಬಂದಾಗ ನಾನು ಹಿಡಿಯುವ ಕ್ರಮ ಇದು: ಮೊದಲು ಗ್ಯಾಸ್, ಆಮೇಲೆ ದಾರಿ, ಕೊನೆಗೆ ಸೆನ್ಸರ್. ಸೆನ್ಸರ್ ದುಬಾರಿ, ಅದನ್ನು ಬದಲಿಸಿದ ಮೇಲೆ ತಪ್ಪು ಟ್ಯೂಬಿನದ್ದು ಎಂದು ಗೊತ್ತಾದರೆ ಕಂಪನಿಯವರ ಮುಖ ನೋಡಲಾಗದು.

ಕಾರ್ಖಾನೆಯ ಮೀಟರಿಗೆ ಅದರ ಹೋಸ್ ಸಮೇತ ಗ್ಯಾಸ್ ಬಿಟ್ಟೆ. ಒಂದು ನಿಮಿಷದ ಕೊನೆಗೆ ಆಮ್ಲಜನಕ 18.1, ಸಿಒ 97, ಎಚ್‌ಟುಎಸ್ 9, ಎಲ್‌ಇಎಲ್ 11. ಬರಬೇಕಿದ್ದದ್ದು 18, 100, 25, 50.

ಸಿಲಿಂಡರೇ ಹಳಸಿರಬಹುದು. ಎಚ್‌ಟುಎಸ್ ಬೆರೆತ ಸಿಲಿಂಡರ್‌ಗೆ ಆಯಸ್ಸಿದೆ, ಲೇಬಲ್ ಮೇಲಿನ ದಿನಾಂಕ ಮುಗಿದ ಮೇಲೆ ಒಳಗೆ 25 ಇದೆ ಎಂದು ಹೇಳಲಾಗದು. ಅದೇ ಸಿಲಿಂಡರನ್ನು ಗುತ್ತಿಗೆದಾರರ ಮೀಟರಿಗೆ ಹಿಡಿದೆ: ಎಚ್‌ಟುಎಸ್ 24, ಎಲ್‌ಇಎಲ್ 49. ಗ್ಯಾಸ್ ಸರಿ ಇದೆ. ಸ್ಟಿಕ್ಕರ್ ಇಲ್ಲದ ಬಡಪಾಯಿ ಮೀಟರೇ ನಿಜ ಹೇಳುತ್ತಿತ್ತು. ಸೇಫ್ಟಿ ಆಫೀಸರ್ ಮುಖ ಚಿಕ್ಕದಾಯಿತು.

ಮುಂದೆ ದಾರಿ. ಹೋಸ್ ಎಲ್ಲಾದರೂ ಸೀಳಿ ಹೊರಗಾಳಿ ಎಳೆಯುತ್ತಿದೆಯೇ? ಹೋಸಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದೆ. ಕೆಲವೇ ಸೆಕೆಂಡಲ್ಲಿ ಪಂಪ್ ಉಸಿರುಕಟ್ಟಿ ಅಲಾರಂ ಹೊಡೆಯಿತು. ಸೋರಿಕೆ ಇಲ್ಲ. ಅಂಕಿಗಳೂ ಅದನ್ನೇ ಹೇಳುತ್ತಿದ್ದವು: ಹೊರಗಾಳಿ ಬೆರೆತಿದ್ದರೆ ಆಮ್ಲಜನಕ 18ರಿಂದ 20ರ ಕಡೆಗೆ ಏರಬೇಕು, ಸಿಒ ಕೂಡ ಬೀಳಬೇಕು. ಅವೆರಡೂ ಸರಿಯಾಗಿವೆ. ಸೋರಿಕೆ ಹಿಡಿಯಲು ಆಮ್ಲಜನಕಕ್ಕಿಂತ ಒಳ್ಳೆಯ ಗೂಢಚಾರ ಇಲ್ಲ.

ಆದರೆ ಎಚ್‌ಟುಎಸ್ ಏರಿದ ರೀತಿ ನನಗೆ ಸರಿಕಾಣಲಿಲ್ಲ. 3, 5, 6, 8, 9. ತೆವಳುತ್ತಿತ್ತು, ನಿಂತೇ ಇರಲಿಲ್ಲ. ಹೋಸ್ ಕಡೆ ಸರಿಯಾಗಿ ನೋಡಿದೆ: ಮೀಟರ್ ಜೊತೆ ಬಂದದ್ದಲ್ಲ, ಹಾರ್ಡ್‌ವೇರ್ ಅಂಗಡಿಯ ಕಪ್ಪು ರಬ್ಬರ್ ಟ್ಯೂಬ್, ಆರು ಮೀಟರ್. ಹಳೆಯದ್ದು ಯಾವಾಗಲೋ ತುಂಡಾಯಿತಂತೆ, ಯಾರೋ ಇದನ್ನು ಹಾಕಿದ್ದಾರೆ. ರಬ್ಬರ್ ಎಚ್‌ಟುಎಸ್ ಅನ್ನು ಮೈಗೆ ಹೀರಿಕೊಳ್ಳುತ್ತದೆ, ಅದರ ಹಸಿವು ತೀರಿದ ಮೇಲಷ್ಟೇ ಸೆನ್ಸರಿಗೆ ಬಿಡುತ್ತದೆ. ಸಿಒ, ಆಮ್ಲಜನಕ ಎರಡಕ್ಕೂ ಅದರ ತಂಟೆ ಇಲ್ಲ. ಹೋಸ್ ಕಿತ್ತು ನೇರ ಮೀಟರಿಗೆ ಗ್ಯಾಸ್ ಹಿಡಿದೆ. ಎಚ್‌ಟುಎಸ್ ಸಟ್ಟನೆ 23ಕ್ಕೆ ಬಂದು ನಿಂತಿತು.

ಎಲ್‌ಇಎಲ್ ಮಾತ್ರ 11ರಿಂದ 12ಕ್ಕೆ ಬಂತು, ಅಷ್ಟೇ. ಗ್ಯಾಸ್ ಸರಿ, ದಾರಿ ಸರಿ. ಇದು ಸೆನ್ಸರ್.

ಈ ಸೆನ್ಸರಿನ ಒಳಗೆ ಪ್ಲಾಟಿನಂ ತಂತಿಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಮಣಿ ಇರುತ್ತದೆ. ಉರಿಯುವ ಅನಿಲ ಅದರ ಮೇಲೆ ಸುಟ್ಟು ಮಣಿ ಬಿಸಿಯಾಗುತ್ತದೆ, ಆ ಬಿಸಿಯೇ ಅಂಕಿ. ಸಿಲಿಕೋನ್ ಆವಿ ಸೋಕಿದರೆ ಮಣಿಯ ಮೇಲೆ ಪದರ ಕೂತು ವಿಷವೇರುತ್ತದೆ. ಅನಿಲಗಳಲ್ಲಿ ಸುಡಲು ಅತಿ ಕಷ್ಟವಾದದ್ದು ಮೀಥೇನ್, ಹಾಗಾಗಿ ವಿಷವೇರಿದ ಮಣಿ ಮೊದಲು ಕೈಬಿಡುವುದು ಮೀಥೇನನ್ನೇ. ಆಗಲೂ ಪ್ರೊಪೇನ್, ಬ್ಯೂಟೇನ್‌ಗೆ ತಕ್ಕಮಟ್ಟಿಗೆ ಏಳುತ್ತಿರುತ್ತದೆ. ಲೈಟರ್ ಪರೀಕ್ಷೆ ಮೋಸ ಎಂದದ್ದು ಇದಕ್ಕೇ. ಡೈಜೆಸ್ಟರ್, ಸ್ಪೆಂಟ್‌ವಾಶ್ ಇರುವ ಕಡೆ ಬಂಪ್ ಮೀಥೇನ್‌ನಿಂದಲೇ ಆಗಬೇಕು.

50 ಇದ್ದಾಗ 11 ತೋರಿಸುವ ಮೀಟರ್ 10ಕ್ಕೆ ಅಲಾರಂ ಹೊಡೆಯುವಾಗ ಒಳಗೆ ನಿಜವಾಗಿ 45 ಇರುತ್ತದೆ. ಟ್ಯಾಂಕಿನಲ್ಲಿ 9 ಇದ್ದಾಗ ಅದಕ್ಕೆ ಕಂಡದ್ದು 2, ಅಷ್ಟು ಸಣ್ಣದ್ದನ್ನು ಪರದೆ ಸೊನ್ನೆ ಎಂದೇ ತೋರಿಸುತ್ತದೆ. ಫೋನಿನಲ್ಲಿ ಕೇಳಿದ "ಎಲ್ಲಾ ಝೀರೋ" ಇದೇ.

ಸಿಲಿಕೋನ್ ಎಲ್ಲಿಂದ ಬಂತು ಎಂದು ಸ್ಟೋರ್‌ಗೆ ಹೋದೆ. ಸೀಲಂಟ್ ಟ್ಯೂಬುಗಳು ಬೇರೆ ಕಪಾಟಿನಲ್ಲಿದ್ದವು. ಮೀಟರಿನ ಚರ್ಮದ ಪೌಚ್ ಮಾತ್ರ ಮದುಮಗನ ಶೂ ಥರ ಫಳಫಳ. ಮೂಸಿದರೆ ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ವಾಸನೆ. "ಆಡಿಟ್‌ನೋರು ಬರ್ತಾರಲ್ಲ ಸಾರ್, ಅದ್ಕೆ ವಾರಕ್ಕೊಂದ್ಸಲ ಹೊಡೀತೀನಿ" ಎಂದ ಸ್ಟೋರ್ ಹುಡುಗ, ಮೆಚ್ಚುಗೆ ನಿರೀಕ್ಷಿಸುತ್ತ. ಪಾಲಿಶ್‌ನಲ್ಲಿ ಹೊಳಪು ಕೊಡುವುದೇ ಸಿಲಿಕೋನ್. ನಾಲ್ಕು ತಿಂಗಳು ಆ ಪೌಚಿನೊಳಗೇ ಮಲಗಿತ್ತು ಮೀಟರ್.

ಎಲ್‌ಇಎಲ್ ವಿಚಾರದಲ್ಲಿ ಇನ್ನೆರಡು ಮೋಸಗಳಿವೆ, ಇವು ಬಂಪ್‌ನಲ್ಲಿ ಸಿಕ್ಕುವುದಿಲ್ಲ. ಮಣಿಯ ಮೇಲೆ ಅನಿಲ ಸುಡಲು ಆಮ್ಲಜನಕ ಬೇಕು. ಅದು ಶೇ 10ಕ್ಕಿಂತ ಕೆಳಗಿದ್ದರೆ ಎಲ್‌ಇಎಲ್ ಅಂಕಿಗೆ ಬೆಲೆ ಇಲ್ಲ. ಸಾರಜನಕ ತುಂಬಿಸಿದ ಟ್ಯಾಂಕಿನಲ್ಲಿ ಮೀಥೇನ್ ಎಷ್ಟಿದ್ದರೂ ಸೊನ್ನೆ ತೋರಿಸಬಲ್ಲದು. ಅದಕ್ಕೇ ಮೊದಲು ಆಮ್ಲಜನಕ ಓದಿ, ಆಮೇಲೆ ಎಲ್‌ಇಎಲ್, ಆಮೇಲೆ ವಿಷಾನಿಲ. ಇನ್ನೊಂದು: ಅರ್ಧಕ್ಕಿಂತ ಹೆಚ್ಚು ಮೀಥೇನೇ ಇರುವ ಬಯೋಗ್ಯಾಸ್‌ಗೆ ನೇರ ಒಡ್ಡಿದರೆ ಅಂಕಿ ಛಂಗನೆ ಮೇಲೆ ಹಾರಿ, ಸುಡಲು ಗಾಳಿ ಸಾಲದೆ ಕೆಳಗೆ ಬೀಳಬಹುದು. ಈಗಿನ ಮೀಟರ್‌ಗಳು ಮೇಲೆ ಹಾರಿದ್ದನ್ನು ಹಿಡಿದಿಟ್ಟು ಓವರ್ ರೇಂಜ್ ಎನ್ನುತ್ತವೆ. ಹಳೆಯದ್ದಾದರೆ ಹೋಸ್ ಇಳಿಸುವಾಗ ಪರದೆಯಿಂದ ಕಣ್ಣು ತೆಗೆಯಬೇಡಿ.

ಹೋಸ್ ಇಳಿಸುವಾಗ ಅವಸರ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಆರು ಮೀಟರ್ ಹೋಸಿನಲ್ಲಿ ಗ್ಯಾಸ್ ಮೀಟರ್ ತಲುಪಲು ಸುಮಾರು 20 ಸೆಕೆಂಡ್, ಸೆನ್ಸರ್ ಪೂರ್ತಿ ಏಳಲು ಇನ್ನೊಂದು ಅರ್ಧ ನಿಮಿಷ. ಪ್ರತಿ ನಾಲ್ಕು ಅಡಿಗೊಮ್ಮೆ ನಿಲ್ಲಿಸಿ, ಒಂದು ನಿಮಿಷ ಕಾದು, ಬರೆದುಕೊಂಡು ಮುಂದೆ ಹೋಗಿ. ಮೀಥೇನ್ ಹಗುರ, ಮೇಲೆ ಸೇರುತ್ತದೆ. ಎಚ್‌ಟುಎಸ್ ಭಾರ, ತಳದಲ್ಲಿ ಕೂರುತ್ತದೆ. ಬಾಯಲ್ಲೊಂದು ರೀಡಿಂಗ್ ತೆಗೆದು ಪರ್ಮಿಟ್ ತುಂಬುವುದು ಬರೀ ಕಾಗದದ ಕೆಲಸ.

ಆ ದಿನ ಯಾರೂ ಇಳಿಯಲಿಲ್ಲ. ಹೊಸ ಎಲ್‌ಇಎಲ್ ಸೆನ್ಸರ್ ಸಂಜೆಗೆ ಬೆಂಗಳೂರಿಂದ ಬಸ್ಸಿನಲ್ಲಿ ಬಂತು. ಹಾಕಿ, ನಾಲ್ಕನ್ನೂ ಕ್ಯಾಲಿಬ್ರೇಟ್ ಮಾಡಿ, ಒರಿಜಿನಲ್ ಹೋಸ್ ಕೂರಿಸಿ, ಹೋಸ್ ಸಮೇತ ಮತ್ತೊಮ್ಮೆ ಬಂಪ್ ಮಾಡಿದೆ: ಆಮ್ಲಜನಕ 18.0, ಎಲ್‌ಇಎಲ್ 50, ಎಚ್‌ಟುಎಸ್ 24, ಸಿಒ 99. ರಾತ್ರಿಯಿಡೀ ಬ್ಲೋವರ್ ಓಡಿತು. ಬೆಳಗ್ಗೆ ಎರಡೂ ಮೀಟರ್‌ಗಳ ಹೋಸ್ ಒಟ್ಟಿಗೇ ಕಟ್ಟಿ ಇಳಿಸಿದೆವು. ತಳದವರೆಗೂ ಎರಡೂ ಒಂದೇ ಮಾತು ಹೇಳಿದ ಮೇಲೆ, ಬ್ಲೋವರ್ ನಿಲ್ಲಿಸದೆ, ಇಳಿಯುವವರ ಎದೆಗೊಂದು ಮೀಟರ್ ಸಿಕ್ಕಿಸಿ, ಸೇಫ್ಟಿ ಆಫೀಸರ್ ಸಹಿ ಹಾಕಿದರು. ಅಂದಿನಿಂದ ಅಲ್ಲಿನ ರಿಜಿಸ್ಟರ್‌ನಲ್ಲಿ ಬಂಪ್‌ಗೆ "ಓಕೆ" ಎಂದು ಬರೆಯುವಂತಿಲ್ಲ, ನಾಲ್ಕೂ ಅಂಕಿ ಬರೆಯಬೇಕು. ಎಲ್‌ಇಎಲ್ ಕಾಲಂನಲ್ಲಿ 50, 48, 45 ಎಂದು ವಾರದಿಂದ ವಾರಕ್ಕೆ ಇಳಿಯುವುದು ಕಂಡರೆ ಸೆನ್ಸರ್ ಸಾಯುವ ಮೊದಲೇ ಆರ್ಡರ್ ಹಾಕಬಹುದು.

ಪೌಚನ್ನು ಕಸಕ್ಕೆ ಹಾಕಿಸಿದೆ. ಪಾಲಿಶ್ ಡಬ್ಬಿಯನ್ನು ಮಾತ್ರ ಹುಡುಗ ಬಿಟ್ಟುಕೊಡಲಿಲ್ಲ, ಮ್ಯಾನೇಜರ್ ಸಾಹೇಬರ ಜೀಪಿಗೆ ಬೇಕಂತೆ.